ಅಕ್ಟೋಬರ್ 16ರ ಕಪಾಟು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಹಿಸ್ಪ್ಯಾನಿಕ್ ಪರಂಪರೆಯ ಮಾಸವನ್ನು ಆಚರಿಸುವ ರೂಢಿಯಿದ್ದು, ಆ ಮೂವತ್ತೊಂದು ದಿನಗಳಲ್ಲಿ ಅಲ್ಲಿನ ಗ್ರಂಥಾಲಯಗಳೂ ಸಾಂಸ್ಕೃತಿಕ ಕೇಂದ್ರಗಳೂ ಪ್ರದರ್ಶನ, ಉಪನ್ಯಾಸ, ಕಥಾವಾಚನಗಳನ್ನು ಏರ್ಪಡಿಸುತ್ತವೆ. ಇವುಗಳಿಂದ ಪರಂಪರೆಗೆ ನಿಜವಾಗಿ ಒದಗುವುದೇನು ಎಂಬ ಪ್ರಶ್ನೆಯನ್ನು ಹಿಡಿದು ನಡೆಯುವ ಈ ಸಂವಾದದಲ್ಲಿ ಇಬ್ಬರಿದ್ದಾರೆ: ಗ್ರಂಥಾಲಯ ವೃತ್ತಿಯಲ್ಲಿ ಬಹುಕಾಲ ಕಳೆದ ಹಿರಿಯರು ಒಬ್ಬರು, ಇಂತಹ ಆಚರಣೆಗಳ ಬಗ್ಗೆ ಅಷ್ಟಾಗಿ ಒಲವಿಲ್ಲದ ಕಿರಿಯರು ಇನ್ನೊಬ್ಬರು. ಮಾತು ಹೆಚ್ಚಾಗಿ ನ್ಯೂಯಾರ್ಕ್ ನಗರದ ಉತ್ತರ ಮ್ಯಾನ್‌ಹಟನ್ ಭಾಗದಲ್ಲೇ ಸುತ್ತುತ್ತದೆ.

ಕಿರಿಯರು: ಈ ಮಾಸದ ಹೆಸರೇ ಮೊದಲ ತೊಡಕು. ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಪೆರು ಮುಂತಾದ ನಾಡುಗಳಿಂದ ಬಂದವರು ತಮ್ಮನ್ನು ಒಂದೇ ಜನವೆಂದು ಎಣಿಸಿಕೊಂಡು ಬಂದವರಲ್ಲ. ಅವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಮೇಲೊಂದು ಚೀಟಿ ಅಂಟಿಸಿದವರು ಯಾರು?

ಹಿರಿಯರು: ಚೀಟಿ ಹಳೆಯದು, ಅಂಟಿಸಿದ್ದು ಈಚೆಗೆ. ಇಂದಿನ ಸ್ಪೇನ್ ಮತ್ತು ಪೋರ್ಚುಗಲ್‌ಗಳಿರುವ ಐಬೀರಿಯ ಪರ್ಯಾಯದ್ವೀಪವನ್ನು ರೋಮನ್ನರು ಹಿಸ್ಪಾನಿಯಾ ಎಂದು ಕರೆಯುತ್ತಿದ್ದರು. ಹಿಸ್ಪ್ಯಾನಿಕ್ ಎಂಬ ವಿಶೇಷಣ ಹುಟ್ಟಿದ್ದು ಅದರಿಂದ. ಆದರೆ ಅಮೆರಿಕದ ಸರ್ಕಾರಿ ಲೆಕ್ಕದೊಳಗೆ ಆ ಪದ ನೆಲೆಯೂರಿದ್ದು 1970ರ ದಶಕದಲ್ಲಿ. 1970ರ ಜನಗಣತಿಯಲ್ಲಿ ಸ್ಪ್ಯಾನಿಷ್ ಮೂಲದ ಪ್ರಶ್ನೆಯನ್ನು ಶೇಕಡಾ 5ರಷ್ಟು ಮನೆಗಳಿಗೆ ಮಾತ್ರ ಕೇಳಲಾಗಿತ್ತು. 1976ರಲ್ಲಿ ಈ ಜನರ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ಕಾನೂನು ಬಂದ ಮೇಲೆ, 1980ರ ಜನಗಣತಿಯಲ್ಲಿ ಪ್ರಶ್ನೆ ಎಲ್ಲ ಮನೆಗಳಿಗೂ ಹೋಯಿತು. ಆಚರಣೆ ಅದಕ್ಕಿಂತ ತುಸು ಮುಂಚಿನದು: 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಒಂದು ವಾರವಾಗಿ ಆರಂಭವಾದದ್ದು 1988ರಲ್ಲಿ ರೊನಾಲ್ಡ್ ರೇಗನ್ ಅವರ ಕಾಲದಲ್ಲಿ ತಿಂಗಳಾಗಿ ಬೆಳೆಯಿತು. ತಿಂಗಳ ನಡುವಿನಿಂದ ಶುರುವಾಗುವುದಕ್ಕೂ ಕಾರಣವಿದೆ. ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಈ ಐದು ನಾಡುಗಳು 1821ರ ಸೆಪ್ಟೆಂಬರ್ 15ರಂದು ಸ್ಪೇನಿನಿಂದ ಬಿಡುಗಡೆ ಘೋಷಿಸಿಕೊಂಡವು, ಮೆಕ್ಸಿಕೊದ ಸ್ವಾತಂತ್ರ್ಯದಿನ ಮರುದಿನವೇ ಬರುತ್ತದೆ, ಚಿಲಿಯದು 18ರಂದು.

ಕಿರಿಯರು: ಹಾಗಿದ್ದರೆ ವಿನೋದ ಇನ್ನೂ ಹೆಚ್ಚಾಯಿತು. ಸ್ಪೇನಿನಿಂದ ಬಿಡಿಸಿಕೊಂಡ ದಿನದಂದು ಆರಂಭವಾಗುವ ಹಬ್ಬಕ್ಕೆ ಸ್ಪೇನಿನದೇ ಹೆಸರು. ಕೊಲಂಬಸ್ ಬಂದಿಳಿದ ಅಕ್ಟೋಬರ್ 12 ಕೂಡ ಅದೇ ತಿಂಗಳೊಳಗೆ ಬೀಳುತ್ತದೆ.

ಹಿರಿಯರು: ಆ ತಾರೀಖಿಗೆ ಗ್ರಂಥಾಲಯಗಳ ಚರಿತ್ರೆಯಲ್ಲೂ ಒಂದು ಜಾಗವಿದೆ. ವಾಷಿಂಗ್ಟನ್ನಿನಲ್ಲಿರುವ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹಿಸ್ಪ್ಯಾನಿಕ್ ವಾಚನಾಲಯವನ್ನು 1939ರಲ್ಲಿ ತೆರೆದದ್ದು ಅಕ್ಟೋಬರ್ 12ರಂದೇ. ಆದರೆ ಆ ವಾಚನಾಲಯದ ಹೊಸ್ತಿಲಲ್ಲಿರುವ ನಾಲ್ಕು ಭಿತ್ತಿಚಿತ್ರಗಳನ್ನು 1941ರಲ್ಲಿ ಬರೆದವರು ಕಾಂದಿದೊ ಪೋರ್ತಿನಾರಿ. ಅವರು ಬ್ರೆಜಿಲಿನವರು, ಮಾತು ಪೋರ್ಚುಗೀಸ್. ಸರ್ಕಾರಿ ವ್ಯಾಖ್ಯೆಯಲ್ಲಿ ಹಿಸ್ಪ್ಯಾನಿಕ್ ಎಂಬುದು ಸ್ಪ್ಯಾನಿಷ್ ಭಾಷೆ-ಸಂಸ್ಕೃತಿಯನ್ನು ಹಿಡಿದ ಪದ, ಲ್ಯಾಟಿನೊ ಎಂಬುದು ಬಳಕೆಯಲ್ಲಿ ಭೂಗೋಳವನ್ನು ಹಿಡಿದದ್ದು. ಆ ಲೆಕ್ಕದಲ್ಲಿ ಬ್ರೆಜಿಲಿನವರು ಎರಡನೆಯದಕ್ಕೆ ಸೇರುತ್ತಾರೆ, ಮೊದಲನೆಯದಕ್ಕಲ್ಲ. ಅಂದರೆ ಕೋಣೆಯ ಬಾಗಿಲಲ್ಲೇ ಕೋಣೆಯ ಹೆಸರನ್ನು ಮೀರಿದ ಚಿತ್ರವಿದೆ. ಆ ಚಿತ್ರಗಳಲ್ಲಿ ವೀರರ ಮುಖಗಳಿಲ್ಲ ಎಂಬುದನ್ನೂ ಗಮನಿಸಬೇಕು. ಹೆಸರಿಲ್ಲದ ನಾವಿಕರು, ಕಾಡು ಹೊಕ್ಕವರು, ಪಾದ್ರಿಯ ಸುತ್ತ ಕುಳಿತ ಮೂಲನಿವಾಸಿಗಳು, ಚಿನ್ನಕ್ಕಾಗಿ ಹೊಳೆ ಜಾಲಿಸುವ ಕಪ್ಪುಜನ ಅಲ್ಲಿದ್ದಾರೆ.

ಕಿರಿಯರು: ರಾಷ್ಟ್ರದ ರಾಜಧಾನಿಯ ಮಾತು ಬೇರೆ. ಸಾಮಾನ್ಯ ಬಡಾವಣೆಯ ಕೇಂದ್ರದಲ್ಲಿ ಕಾಣುವುದು ಬಾವುಟಗಳ ಸಾಲು, ಬಣ್ಣದ ಕಾಗದದ ತೋರಣ, ಒಂದು ಗಿಟಾರು, ಒಂದಿಷ್ಟು ತಿಂಡಿ. ಕರ್ನಾಟಕದಲ್ಲಿ ‘ನವೆಂಬರ್ ಕನ್ನಡಿಗ’ ಎಂಬ ಕುಹಕವೊಂದಿದೆ. ಅದನ್ನು ಕಂಡವರಿಗೆ ಈ ಮಾಸಾಚರಣೆ ಅಪರಿಚಿತವೆನಿಸಲಾರದು. ಜಾತ್ರೆ ಮುಗಿದ ಮರುದಿನ ತೇರಿನ ಪತಾಕೆಗಳನ್ನು ಬಿಚ್ಚಿ ಪೆಟ್ಟಿಗೆಗೆ ಸೇರಿಸುವಂತೆ ಅಕ್ಟೋಬರ್ 16ರಂದು ಎಲ್ಲವೂ ಗೋಡೆಯಿಂದ ಇಳಿಯುತ್ತದೆ.

ಹಿರಿಯರು: ಇಳಿಯುವುದು ನಿಜ, ಅದರಲ್ಲಿ ವಾದವಿಲ್ಲ. ಬಾವುಟಗಳ ಸಾಲು ಅತ್ಯಂತ ಸೋಮಾರಿ ಪ್ರದರ್ಶನವೆಂಬುದನ್ನೂ ಒಪ್ಪಬೇಕು. ಇನ್ನೊಂದು ತೊಡಕನ್ನೂ ಸೇರಿಸಬಹುದು: ಇಂತಹ ಕೇಂದ್ರಗಳಲ್ಲಿ ಜನ ಬಹಳ ಮೆಚ್ಚಿ ನೋಡುವುದು ‘ಒಫ್ರೆಂದಾ’ ಎಂಬ ವೇದಿಕೆಯನ್ನು. ಸತ್ತ ಹಿರಿಯರ ಚಿತ್ರಗಳನ್ನಿಟ್ಟು, ಅವರಿಗೆ ಪ್ರಿಯವಾದ ತಿನಿಸು, ನೀರು, ದೀಪ, ಹೂಗಳನ್ನು ಜೋಡಿಸುವ ಈ ಏರ್ಪಾಟನ್ನು ಕನ್ನಡದಲ್ಲಿ ಎಡೆಯೆಂದರೆ ಸಾಕು, ಬೇರೆ ವಿವರಣೆ ಬೇಡ. ಆದರೆ ಅದು ನವೆಂಬರ್ 1 ಮತ್ತು 2ರ ಆಚರಣೆಯಾದ್ದರಿಂದ ಈ ಮಾಸದೊಳಗೆ ಬರುವುದೇ ಇಲ್ಲ. ಜೊತೆಗೆ ಅದು ಮುಖ್ಯವಾಗಿ ಮೆಕ್ಸಿಕೊದ್ದು, ಪೋರ್ಟೊರಿಕೊದವರಿಗಾಗಲಿ ಕ್ಯೂಬಾದವರಿಗಾಗಲಿ ಮನೆಯ ಹಬ್ಬವಲ್ಲ. ಆ ವೇದಿಕೆಯ ಮೇಲೆ ಸುರಿಯುವ ಕಿತ್ತಳೆ ಬಣ್ಣದ ಹೂವು ಚೆಂಡುಹೂವು. ಮೆಕ್ಸಿಕೊದ ನೆಲದ ಈ ಗಿಡ ಐರೋಪ್ಯರ ಹಡಗುಗಳ ಕಾಲದಲ್ಲಿ ಭಾರತಕ್ಕೆ ಬಂದು, ಈಗ ದಸರೆಗೂ ದೀಪಾವಳಿಗೂ ಅದಿಲ್ಲದೆ ಬಾಗಿಲು ಸಿಂಗಾರವಾಗುವುದಿಲ್ಲ ಎನ್ನುವಷ್ಟು ಇಲ್ಲಿನದಾಗಿದೆ.

ಕಿರಿಯರು: ಹೂವಿನ ಕಥೆ ಚೆನ್ನಾಗಿದೆ, ಆದರೆ ಅದನ್ನು ಬೀದಿಯ ಉತ್ಸವದಲ್ಲೂ ಹೇಳಬಹುದು. ಗ್ರಂಥಾಲಯವೇ ಮಾಡಬಲ್ಲ, ಬೀದಿ ಮಾಡಲಾರದ ಕೆಲಸ ಯಾವುದು ಎಂಬುದು ಪ್ರಶ್ನೆ.

ಹಿರಿಯರು: ಅದಕ್ಕೆ ಉತ್ತರ ಬೇಕಾದರೆ ಉತ್ತರ ಮ್ಯಾನ್‌ಹಟನ್ನಿಗೆ ಹೋಗಬೇಕು. ಬ್ರಾಡ್‌ವೇ ರಸ್ತೆ 155ನೆಯ ಬೀದಿಯನ್ನು ಕೂಡುವಲ್ಲಿ ಹಿಸ್ಪ್ಯಾನಿಕ್ ಸೊಸೈಟಿಯ ಸಂಗ್ರಹಾಲಯವೂ ಗ್ರಂಥಾಲಯವೂ ಇವೆ. ರೈಲುಮಾರ್ಗಗಳ ಕುಬೇರ ಕೊಲಿಸ್ ಹಂಟಿಂಗ್ಟನ್ ಅವರ ಸಾಕುಮಗ ಆರ್ಚರ್ ಹಂಟಿಂಗ್ಟನ್ ಅದನ್ನು 1904ರಲ್ಲಿ ಸ್ಥಾಪಿಸಿದರು, ಕಟ್ಟಡ 1908ರಲ್ಲಿ ತೆರೆಯಿತು. ಗೋಯಾ ಬರೆದ ಆಲ್ಬಾದ ಡಚೆಸ್ ಅವರ ಚಿತ್ರ, ಸೊರೊಯಾ ಸ್ಪೇನಿನ ಪ್ರಾಂತ್ಯಗಳನ್ನು ಕುರಿತು ಬರೆದ 14 ಭಾರೀ ಚಿತ್ರಗಳು, ಮುದ್ರಣದ ಆದಿಕಾಲದ ಗ್ರಂಥಗಳು ಅಲ್ಲಿವೆ. 1902ರಲ್ಲಿ ಹಂಟಿಂಗ್ಟನ್ ಅವರು ಸೆವಿಲ್ ನಗರದ ಒಬ್ಬ ಶ್ರೀಮಂತನ, ಹೆರೆಸ್ ದೆ ಲೋಸ್ ಕಬಾಯೆರೋಸ್‌ನ ಮಾರ್ಕ್ವಿಸ್‌ನ, ಇಡೀ ಗ್ರಂಥಭಂಡಾರವನ್ನು ಒಟ್ಟಿಗೆ ಕೊಂಡಾಗ ಸ್ಪೇನಿನ ವಿದ್ವಾಂಸರು ಮರುಗಿದರು. ದೇಶದ ನೆನಪು ಹಡಗು ಹತ್ತಿತೆಂಬ ನೋವು ಅವರದು. ವಾಷಿಂಗ್ಟನ್ನಿನ ಆ ವಾಚನಾಲಯದ ಹಿಂದಿದ್ದ ದತ್ತಿಯೂ ಇದೇ ಹಂಟಿಂಗ್ಟನ್ ಅವರದು, 1927ರದು. ಇದು ಒಂದು ಬಗೆ: ಹಣವಂತನೊಬ್ಬನು ದೂರದ ನಾಡನ್ನು ಪ್ರೀತಿಸಿ ಅದನ್ನು ಕೊಂಡು ತಂದು ಎಲ್ಲರಿಗೂ ತೆರೆದಿಟ್ಟದ್ದು. ಅನಂತರದ ದಶಕಗಳಲ್ಲಿ ಆ ಕಟ್ಟಡದ ಸುತ್ತ ಬಂದು ನೆಲೆಸಿದವರು ಡೊಮಿನಿಕನ್ ವಲಸಿಗರು. ಅವರ ಅಜ್ಜಂದಿರ ಚರಿತ್ರೆ ಆ ಸಂಗ್ರಹದಲ್ಲಿ ಎಷ್ಟಿದೆ ಎಂದು ಕೇಳಿದರೆ, ಸ್ಪೇನಿನ ಅರಸರ ಚರಿತ್ರೆಗಿಂತ ಬಹಳ ಕಡಿಮೆ ಎನ್ನಬೇಕಾಗುತ್ತದೆ.

ಕಿರಿಯರು: ಇನ್ನೊಂದು ಬಗೆ?

ಹಿರಿಯರು: ಅಲ್ಲಿಂದ ಇಪ್ಪತ್ತು ಬೀದಿ ದಕ್ಷಿಣಕ್ಕೆ, ಹಾರ್ಲೆಮ್‌ನ 135ನೆಯ ಬೀದಿಯಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆಯಿತ್ತು. ಪೋರ್ಟೊರಿಕೊದ ಸಾನ್ ಹುವಾನ್ ನಗರದಲ್ಲಿ 1874ರಲ್ಲಿ ಹುಟ್ಟಿ, 1891ರಲ್ಲಿ ನ್ಯೂಯಾರ್ಕಿಗೆ ಬಂದ ಆರ್ತುರೊ ಶೋಂಬರ್ಗ್ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ ದುಡಿಯುತ್ತ, ಆಫ್ರಿಕ ಮೂಲದ ಜನ ಬರೆದ ಮತ್ತು ಅವರನ್ನು ಕುರಿತ ಪುಸ್ತಕ, ಹಸ್ತಪ್ರತಿ, ಅಚ್ಚುಚಿತ್ರಗಳನ್ನು ಕೂಡಿಹಾಕಿದರು. ಕಪ್ಪುಜನರಿಗೆ ಚರಿತ್ರೆಯೇ ಇಲ್ಲವೆಂದು ಬಾಲ್ಯದಲ್ಲಿ ಒಬ್ಬ ಶಿಕ್ಷಕರು ಹೇಳಿದ್ದೇ ಇದಕ್ಕೆ ಪ್ರೇರಣೆ ಎಂಬ ಪ್ರತೀತಿಯಿದೆ. 1926ರಲ್ಲಿ ಕಾರ್ನೆಗಿ ಸಂಸ್ಥೆ 10,000 ಡಾಲರ್ ಕೊಟ್ಟು ಆ ಸಂಗ್ರಹವನ್ನು 135ನೆಯ ಬೀದಿಯ ಶಾಖೆಗಾಗಿ ಕೊಂಡಿತು. ಇಂದಿನ ಶೋಂಬರ್ಗ್ ಕೇಂದ್ರ ಬೆಳೆದದ್ದು ಅದೇ ಬೇರಿನಿಂದ.

ಬಂದ ಹಣದಲ್ಲಿ ಶೋಂಬರ್ಗ್ ಏನು ಮಾಡಿದರು ಎಂಬುದು ಇಲ್ಲಿಗೆ ಹೆಚ್ಚು ಸಂಬಂಧಿಸಿದ್ದು. ಅವರು ಸ್ಪೇನಿಗೆ ಹೊರಟರು. ಚಿತ್ರಕಾರ ವೆಲಾಸ್ಕೆಸ್ ಅವರ ಚಿತ್ರಶಾಲೆಯಲ್ಲಿ ಗುಲಾಮನಾಗಿ ಬಣ್ಣ ಅರೆಯುತ್ತಿದ್ದು ಕೊನೆಗೆ ತಾನೇ ಚಿತ್ರಕಾರನಾದ ಹುವಾನ್ ದೆ ಪರೇಹಾ ಅವರ ಕೃತಿಗಳನ್ನು ಹುಡುಕುವುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ವೆಲಾಸ್ಕೆಸ್ 1650ರಲ್ಲಿ ರೋಮ್ ನಗರದಲ್ಲಿದ್ದಾಗ ಪರೇಹಾರ ಭಾವಚಿತ್ರ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಬಿಡುಗಡೆಯ ಪತ್ರಕ್ಕೂ ಸಹಿ ಹಾಕಿದರು, ಇನ್ನೂ ನಾಲ್ಕು ವರ್ಷ ಸೇವೆ ಸಲ್ಲಿಸಬೇಕೆಂಬ ಷರತ್ತಿನೊಂದಿಗೆ. ಪರೇಹಾ ತಾವೇ 1661ರಲ್ಲಿ ಬರೆದ, ಸಂತ ಮತ್ತಾಯನ ಕರೆಯ ಪ್ರಸಂಗದ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯಕ್ಕೆ ಸೇರಿದ್ದು. ಶೋಂಬರ್ಗ್ ಅದನ್ನು ಕಂಡು ಬಂದು ಬರೆದರು. 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಪರೇಹಾರನ್ನು ಕುರಿತು ಪ್ರತ್ಯೇಕ ಪ್ರದರ್ಶನ ನಡೆಸಿದಾಗ ಅದರ ಎಳೆಗಳಲ್ಲಿ ಒಂದಾಗಿದ್ದದ್ದು ಹಾರ್ಲೆಮ್‌ನ ಈ ಸಂಗ್ರಹಕಾರನ ಹುಡುಕಾಟವೇ. ನೋಡುಗರಿಗೆ ಕೆಲವು ತಿಂಗಳು ತೆರೆದಿದ್ದ ಆ ಪ್ರದರ್ಶನಕ್ಕೆ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಪಾಟು ಕಾದಿತ್ತು.

ಕಿರಿಯರು: ಆದರೆ ಶೋಂಬರ್ಗ್ ಕೇಂದ್ರವನ್ನು ಜನ ಅರಿತಿರುವುದು ಕಪ್ಪುಜನರ ಚರಿತ್ರೆಯ ಕೇಂದ್ರವೆಂದು. ಅದನ್ನು ಹಿಸ್ಪ್ಯಾನಿಕ್ ಪರಂಪರೆಯ ಲೆಕ್ಕಕ್ಕೆ ಎಳೆದುಕೊಳ್ಳುವುದು ಸರಿಯೇ?

ಹಿರಿಯರು: ಎಳೆದುಕೊಳ್ಳುವ ಅಗತ್ಯವಿಲ್ಲ, ಅದು ಎರಡೂ ಕಡೆ ಇದೆ. ಶೋಂಬರ್ಗ್ ಅವರ ತಾಯ್ನಾಡು ಪೋರ್ಟೊರಿಕೊ, ಅವರು ಓದುತ್ತಿದ್ದ ಭಾಷೆಗಳಲ್ಲಿ ಸ್ಪ್ಯಾನಿಷ್ ಒಂದು. ಫೆಬ್ರವರಿಯಲ್ಲಿ ಕಪ್ಪುಜನರ ಚರಿತ್ರೆಯ ತಿಂಗಳು, ಸೆಪ್ಟೆಂಬರಿನಲ್ಲಿ ಹಿಸ್ಪ್ಯಾನಿಕ್ ಪರಂಪರೆಯ ತಿಂಗಳು ಎಂದು ಪಂಚಾಂಗ ಭಾಗ ಹಾಕಿದಾಗ ಇಂತಹವರು ಯಾವ ಭಾಗಕ್ಕೂ ಪೂರ್ತಿ ಸಿಗುವುದಿಲ್ಲ. ಸಂಗ್ರಹಕ್ಕೆ ಆ ತೊಂದರೆಯಿಲ್ಲ. ಒಂದೇ ಹಸ್ತಪ್ರತಿಯನ್ನು ಇಬ್ಬರು ಬೇರೆ ಬೇರೆ ಕಾರಣಕ್ಕೆ ಕೇಳಿ ತೆಗೆಸಿಕೊಳ್ಳಬಹುದು.

ಕಿರಿಯರು: ಇವೆಲ್ಲ ವಿದ್ವಾಂಸರ ವ್ಯವಹಾರ. ಬಡಾವಣೆಯ ಮಗುವಿಗೆ ಇದರಿಂದೇನು?

ಹಿರಿಯರು: ಅದೇ 135ನೆಯ ಬೀದಿಯ ಶಾಖೆಗೆ 1921ರಲ್ಲಿ ಪೂರಾ ಬೆಲ್‌ಪ್ರೆ ಎಂಬ ತರುಣಿ ಕೆಲಸಕ್ಕೆ ಸೇರಿದರು. ಪೋರ್ಟೊರಿಕೊ ದ್ವೀಪದ ಸಿದ್ರಾ ಎಂಬ ಊರಿನವರು. ಸೋದರಿಯ ಮದುವೆಗೆಂದು 1920ರಲ್ಲಿ ನ್ಯೂಯಾರ್ಕಿಗೆ ಬಂದವರು ಅಲ್ಲೇ ಉಳಿದರು. ಶಾಖೆಯ ಮುಖ್ಯಸ್ಥೆ ಅರ್ನೆಸ್ಟೀನ್ ರೋಸ್ ಸ್ಪ್ಯಾನಿಷ್ ಬಲ್ಲ ಸಹಾಯಕಿಯನ್ನು ಹುಡುಕುತ್ತಿದ್ದರು. ಕೆಲಸ ಮೊದಲು ಒದಗಿದ್ದು ಆ ಸೋದರಿಗೇ, ಆಕೆಯ ಗಂಡ ಒಪ್ಪದ್ದರಿಂದ ಅದು ಇವರ ಪಾಲಿಗೆ ಬಂತು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ಪೋರ್ಟೊರಿಕನ್ ಗ್ರಂಥಪಾಲಕಿ ಎಂದು ಚರಿತ್ರೆ ಅವರನ್ನು ಗುರುತಿಸುತ್ತದೆ.

ಮಕ್ಕಳ ಕಪಾಟಿನಲ್ಲಿ ನಾನಾ ದೇಶಗಳ ಜಾನಪದ ಕಥೆಗಳಿದ್ದರೂ, ಬೆಲ್‌ಪ್ರೆ ಅಜ್ಜಿಯಿಂದ ಕೇಳಿದ್ದ ದ್ವೀಪದ ಕಥೆಗಳು ಒಂದೂ ಇರಲಿಲ್ಲ. ಆದ್ದರಿಂದ ಅವರು ಹೇಳತೊಡಗಿದರು. ಆಗಿನ ಕಥಾವಾಚನದ ಪದ್ಧತಿ ಹೀಗಿತ್ತು: ಮಕ್ಕಳು ಸುತ್ತ ಕುಳಿತ ಮೇಲೆ ಒಂದು ಮೇಣದಬತ್ತಿ ಹಚ್ಚಲಾಗುತ್ತಿತ್ತು, ಕಥೆ ಮುಗಿದಾಗ ಮಗುವೊಂದು ಮನಸ್ಸಿನಲ್ಲೇ ಏನಾದರೂ ಬೇಡಿಕೊಂಡು ಅದನ್ನು ಊದಿ ಆರಿಸುತ್ತಿತ್ತು. ಅವರ ಹೆಸರಾದ ಕಥೆ ಜಿರಲೆ ಮಾರ್ತಿನಾ ಮತ್ತು ಇಲಿ ಪೆರೆಸ್ ಅವರದು. ಬಿಂಕದ ಮಾರ್ತಿನಾಗೆ ಮನೆ ಗುಡಿಸುವಾಗ ನಾಣ್ಯವೊಂದು ಸಿಗುತ್ತದೆ, ಅದರಿಂದ ಪೌಡರು ಕೊಂಡು ಹಚ್ಚಿಕೊಂಡು ಬಾಲ್ಕನಿಯಲ್ಲಿ ಕುಳಿತಾಗ ವರಗಳು ಒಂದರ ಹಿಂದೊಂದು ಬರುತ್ತವೆ, ಪ್ರತಿಯೊಂದೂ ತನ್ನ ದನಿ ಕೇಳಿಸಬೇಕು, ಮೆಚ್ಚುಗೆಯಾಗುವುದು ಇಲಿಯ ದನಿ. ಮುಂದೆ ಕ್ರಿಸ್‌ಮಸ್ಸಿಗೆ ಮಾರ್ತಿನಾ ಒಲೆಯ ಮೇಲಿಟ್ಟ ಸಿಹಿ ಅನ್ನದ ರುಚಿ ನೋಡಲು ಹೋಗಿ ಪೆರೆಸ್ ಪಾತ್ರೆಗೆ ಬಿದ್ದು ಸಾಯುತ್ತಾನೆ. ಮಕ್ಕಳ ಕಥೆಗೆ ಇದು ಕಟು ಮುಕ್ತಾಯವೆಂದು ಇಂದಿನ ತಾಯ್ತಂದೆಯರು ಹೇಳಬಹುದು. ಜಾನಪದಕ್ಕೆ ಆ ಅಳುಕಿಲ್ಲ. 1932ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು, ಇಲ್ಲದ ಕಪಾಟಿಗೆ ಒಂದು ಪುಸ್ತಕ ಬಂತು.

1929ರಲ್ಲಿ ಬೆಲ್‌ಪ್ರೆ 115ನೆಯ ಬೀದಿಯ ಶಾಖೆಗೆ ವರ್ಗವಾದರು. ದ್ವೀಪದ ವಲಸಿಗರು ಅಲ್ಲಿ ದಟ್ಟವಾಗಿ ನೆಲೆಸುತ್ತಿದ್ದರು. ಜನವರಿ 6ರ ‘ಮೂವರು ಅರಸರ ಹಬ್ಬ’ವನ್ನು, ಅಂದರೆ ಶಿಶು ಯೇಸುವನ್ನು ಕಾಣಬಂದ ಪೂರ್ವದ ಮೂವರು ಜ್ಞಾನಿಗಳ ಸ್ಮರಣೆಯನ್ನು, ಅವರು ಗ್ರಂಥಾಲಯದಲ್ಲೇ ನಡೆಸಿದರು. ಆ ಹಬ್ಬಕ್ಕೆ ಪೋರ್ಟೊರಿಕೊದ ಮಕ್ಕಳು ಅರಸರ ಸವಾರಿಪ್ರಾಣಿಗಳಿಗೆಂದು ಹುಲ್ಲು ಕಿತ್ತು ಪೆಟ್ಟಿಗೆಯಲ್ಲಿಟ್ಟು ಮಲಗುವ ರೂಢಿಯಿದೆ. ಬೆಲ್‌ಪ್ರೆ ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿದರು, ಎರಡೂ ಭಾಷೆಗಳಲ್ಲಿ ಕಥೆ ಹೇಳಿದರು. ಗ್ರಂಥಾಲಯವೆಂದರೆ ಇಂಗ್ಲಿಷ್ ಬಲ್ಲವರ ಜಾಗ ಎಂದು ಹೊಸ್ತಿಲಾಚೆ ನಿಂತಿದ್ದ ತಾಯಂದಿರು ಮಕ್ಕಳ ಕೈಹಿಡಿದು ಒಳಗೆ ಬಂದದ್ದು ಈ ಮಾತಿನ ಬಲದಿಂದ. 1968ರಿಂದ ದಕ್ಷಿಣ ಬ್ರಾಂಕ್ಸ್‌ನ ಗ್ರಂಥಾಲಯ ಯೋಜನೆಯಲ್ಲಿ ಬೊಂಬೆಯಾಟದ ಮೂಲಕ ಇದೇ ಕೆಲಸವನ್ನು ಇಳಿವಯಸ್ಸಿನಲ್ಲೂ ನಡೆಸಿದ ಅವರು 1982ರಲ್ಲಿ ತೀರಿಕೊಂಡರು.

ಕಿರಿಯರು: ಕಥಾವಾಚನ ಕಾರ್ಯಕ್ರಮವೇ ಹೊರತು ಸಂಗ್ರಹವಲ್ಲ. ಊದಿದ ದೀಪದಂತೆ ಅದೂ ಆರಿಹೋಗುತ್ತದೆ ಎನ್ನಬಹುದಲ್ಲವೇ?

ಹಿರಿಯರು: ದನಿಯನ್ನು ಉಳಿಸಿಕೊಳ್ಳದಿದ್ದರೆ ಆರಿಹೋಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ 1943ರಲ್ಲಿ ಸಾಹಿತಿಗಳ ದನಿಯನ್ನು ಮುದ್ರಿಸಿಕೊಳ್ಳಲು ಆರಂಭಿಸಿದ್ದು ಅದಕ್ಕಾಗಿಯೇ. ಚಿಲಿಯ ಗಾಬ್ರಿಯೆಲಾ ಮಿಸ್ತ್ರಾಲ್ ಮತ್ತು ಪಾಬ್ಲೊ ನೆರೂದಾ, ಅರ್ಜೆಂಟೀನಾದ ಬೋರ್ಹೆಸ್, ಕೊಲಂಬಿಯಾದ ಗಾರ್ಸಿಯಾ ಮಾರ್ಕೆಸ್ ತಮ್ಮ ಬರಹಗಳನ್ನು ತಾವೇ ಓದಿದ ಧ್ವನಿಮುದ್ರಣಗಳು ಅಲ್ಲಿವೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಅಷ್ಟೇ ಅಲ್ಲದೆ ಕತಲಾನ್, ನಾವಾತ್ಲ್, ಸಪೊತೆಕ್ ಭಾಷೆಗಳ ದನಿಗಳೂ ಅದರಲ್ಲಿ ಸೇರಿವೆ. ಕೊನೆಯ ಎರಡು ಮೆಕ್ಸಿಕೊದ ಮೂಲನಿವಾಸಿಗಳ ಭಾಷೆಗಳು.

ಇನ್ನೂ ಒಣದಾದ, ಆದರೆ ಅಷ್ಟೇ ಮುಖ್ಯವಾದ ದಾಖಲೆಗಳೂ ಇವೆ. 1973ರಲ್ಲಿ ಸ್ಥಾಪಿತವಾಗಿ ಹಂಟರ್ ಕಾಲೇಜಿನಲ್ಲಿ ನೆಲೆಗೊಂಡಿರುವ, ‘ಸೆಂತ್ರೊ’ ಎಂದೇ ಕರೆಯಲಾಗುವ ಪೋರ್ಟೊರಿಕನ್ ಅಧ್ಯಯನ ಕೇಂದ್ರದ ಗ್ರಂಥಾಲಯದಲ್ಲಿ ದ್ವೀಪದ ಸರ್ಕಾರ ನ್ಯೂಯಾರ್ಕಿನಲ್ಲಿ ನಡೆಸುತ್ತಿದ್ದ ಕಚೇರಿಗಳ ಕಡತಗಳಿವೆ. ಪೋರ್ಟೊರಿಕೊದವರು 1917ರಿಂದಲೇ ಅಮೆರಿಕದ ಪೌರರು. ಆದರೂ ಕೆಲಸ ಕೇಳಲು ಹೋದಲ್ಲೆಲ್ಲ ಅವರನ್ನು ವಿದೇಶಿಯರೆಂದು ಶಂಕಿಸುತ್ತಿದ್ದುದರಿಂದ, ಆ ಕಚೇರಿ 1930ರಿಂದ ಅವರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಮಾಡಿಕೊಡುತ್ತಿತ್ತು. ತಾನು ಯಾವ ದೇಶದ ಪೌರನೋ ಅದೇ ದೇಶದಲ್ಲಿ ತಾನು ಪೌರನೆಂದು ತೋರಿಸಲು ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಚೀಟಿ! ಮಾಸಾಚರಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಥದೊಂದನ್ನು ಇಟ್ಟರೆ ಬಾವುಟಗಳ ಇಡೀ ಸಾಲು ಹೇಳದಿದ್ದುದನ್ನು ಅದು ಹೇಳೀತು.

ಕಿರಿಯರು: ಬಾವುಟಗಳ ಮೇಲಿನ ಸಿಟ್ಟಿನಲ್ಲಿ ತಾವೂ ಪಾಲುದಾರರೆಂದಾಯಿತು. ಆದರೆ ಕಡತ ಎಲ್ಲಿದೆಯೆಂದು ಬಡಾವಣೆಯ ಓದುಗರಿಗೆ ಹೇಗೆ ತಿಳಿಯಬೇಕು?

ಹಿರಿಯರು: ಸೂಚೀಪತ್ರದಿಂದ. ಗ್ರಂಥಾಲಯದಲ್ಲಿ ವರ್ಷವಿಡೀ ತೆರೆದಿರುವ ಪ್ರದರ್ಶನ ಅದೊಂದೇ. ಪ್ರತಿ ಪುಸ್ತಕಕ್ಕೂ ಅದು ಯಾವುದನ್ನು ಕುರಿತದ್ದೆಂದು ಸೂಚಿಸುವ ನಿಶ್ಚಿತ ಪದಗುಚ್ಛಕ್ಕೆ ವಿಷಯಶೀರ್ಷಿಕೆ ಎನ್ನುತ್ತಾರೆ. ಅವುಗಳ ಪಟ್ಟಿಯನ್ನು ಲೈಬ್ರರಿ ಆಫ್ ಕಾಂಗ್ರೆಸ್ ನಿಗದಿಮಾಡುತ್ತದೆ, ಅಸಂಖ್ಯ ಗ್ರಂಥಾಲಯಗಳು ಅನುಸರಿಸುತ್ತವೆ. ದಾಖಲೆಪತ್ರಗಳಿಲ್ಲದ ವಲಸಿಗರನ್ನು ಕುರಿತ ಪುಸ್ತಕಗಳಿಗೆ ಆ ಪಟ್ಟಿಯಲ್ಲಿ ದಶಕಗಳ ಕಾಲ ಇದ್ದ ಶೀರ್ಷಿಕೆಯ ಅರ್ಥ ‘ಕಾನೂನುಬಾಹಿರ ಪರಕೀಯರು’ ಎಂದು. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಗ್ರಂಥಪಾಲಕರ ನೆರವಿನಿಂದ 2014ರಲ್ಲಿ ಅದನ್ನು ಬದಲಿಸಬೇಕೆಂದು ಮನವಿ ಸಲ್ಲಿಸಿದರು. 2016ರಲ್ಲಿ ಒಪ್ಪಿಗೆ ಸಿಕ್ಕಿತು, ಸಂಸತ್ತಿನಲ್ಲಿ ವಿರೋಧ ಎದ್ದು ಅದು ನಿಂತುಹೋಯಿತು, ಕೊನೆಗೆ 2021ರ ನವೆಂಬರಿನಲ್ಲಿ ‘ಪೌರರಲ್ಲದವರು’ ಮತ್ತು ‘ಕಾನೂನುಬಾಹಿರ ವಲಸೆ’ ಎಂಬರ್ಥದ ಎರಡು ಶೀರ್ಷಿಕೆಗಳು ಅದರ ಜಾಗಕ್ಕೆ ಬಂದವು. ಎರಡು ಪದಗಳ ಒಂದು ಶೀರ್ಷಿಕೆಗೆ ಏಳು ವರ್ಷ. ಪಂಚಾಂಗದ ಯಾವ ತಿಂಗಳೂ ಇದನ್ನು ಮಾಡಿಸಿಕೊಡಲಿಲ್ಲ. ಓದಲು ಬಂದ ಮಕ್ಕಳು ಸೂಚೀಪತ್ರವನ್ನು ಗಮನವಿಟ್ಟು ನೋಡಿದ್ದರಿಂದ ಆಯಿತು.

ಕಿರಿಯರು: ಹಾಗಾದರೆ ಮಾಸಾಚರಣೆಯನ್ನೇ ಕೈಬಿಡಬಹುದೆಂದು ತಮ್ಮ ಅಭಿಪ್ರಾಯವೇ?

ಹಿರಿಯರು: ಕೈಬಿಡಬೇಕಿಲ್ಲ. ಆ ತಿಂಗಳಿಗೆಂದು ಸಿಗುವ ಅನುದಾನ, ಪತ್ರಿಕೆಯ ಗಮನ, ಮೊದಲ ಸಲ ಬಾಗಿಲೊಳಗೆ ಕಾಲಿಡುವ ಕುಟುಂಬಗಳು, ಇವನ್ನು ಯಾವ ಗ್ರಂಥಪಾಲಕರೂ ಬೇಡವೆನ್ನರು. ಆದರೆ ಅನುದಾನದ ಒಂದು ಪಾಲು ಪುಸ್ತಕ ಕೊಳ್ಳಲು, ಬಡಾವಣೆಯ ವೃದ್ಧರ ಮಾತನ್ನು ಧ್ವನಿಮುದ್ರಿಸಲು, ಅವರ ಮನೆಯ ಪತ್ರ-ಚಿತ್ರಗಳನ್ನು ಪಟ್ಟಿಮಾಡಲು ಹೋಗದಿದ್ದರೆ ಆ ಪ್ರದರ್ಶನ ವಿಫಲವೆಂದೇ ಬರೆಯಬೇಕು.

ಕಿರಿಯರು: ಬೆಲ್‌ಪ್ರೆ ಕಥೆ ಹೇಳುತ್ತಿದ್ದ 115ನೆಯ ಬೀದಿಯ ಆ ಶಾಖೆಯಲ್ಲಿ ಈಗ ಏನಿದೆ?

ಹಿರಿಯರು: ಗ್ರಂಥಾಲಯವೇ ಇದೆ. ಹಿಸ್ಪ್ಯಾನಿಕ್ ಸೊಸೈಟಿಯ ಕಟ್ಟಡದಂತೆ ಅದೂ 1908ರಲ್ಲೇ ತೆರೆದದ್ದು. 2017ರಿಂದ ಅದಕ್ಕೆ ಗಾಯಕ ಹ್ಯಾರಿ ಬೆಲಫಾಂಟೆ ಅವರ ಹೆಸರಿದೆ. ಬೆಲ್‌ಪ್ರೆ ಅವರ ಹೆಸರಿರುವುದು ಲ್ಯಾಟಿನೊ ಬದುಕನ್ನು ಚಿತ್ರಿಸುವ ಮಕ್ಕಳ ಪುಸ್ತಕಗಳಿಗೆ 1996ರಿಂದ ಕೊಡಲಾಗುತ್ತಿರುವ ಪದಕದ ಮೇಲೆ. ಅವರ ಕಾಗದಪತ್ರಗಳು ಸೆಂತ್ರೊದಲ್ಲಿ, ಗುರುತಿನ ಚೀಟಿಗಳ ಕಡತಗಳಿರುವ ಅದೇ ಸಂಗ್ರಹದಲ್ಲಿವೆ.